ಕರುಣೆಯ ಕಥನ, ನಿರೀಕ್ಷೆಯ ಕಥನ : ದಲಿತ ಮಕ್ಕಳ ಗುರುಗಳನ್ನು ಕುರಿತ ನಮ್ಮ ಬರವಣಿಗೆ

ಅಕ್ಷರದಿಂದ ದೂರವಿರಿಸಲ್ಪಟ್ಟ ಕೇರಿಗಳ ಮಕ್ಕಳಿಗೆ ಪಾಠ ಹೇಳಿದ ಮಹನೀಯರನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರೆಹಗಳು ಸಂಖ್ಯೆಯಲ್ಲಿ ಕಡಮೆಯೇನಲ್ಲ. ಜಯಂತಿಯ ಭಾಷಣಗಳು, ಸ್ಮರಣ ಸಂಚಿಕೆಗಳ ಲೇಖನಗಳು, ಪಠ್ಯಪುಸ್ತಕಗಳ ಕಿರುಚರಿತ್ರೆಗಳು, ಪತ್ರಿಕೆಗಳ ವ್ಯಕ್ತಿಚಿತ್ರಗಳು ಇವೆಲ್ಲ ಸೇರಿ ತಮ್ಮದೇ ಆದ ಒಂದು ಪ್ರಕಾರವಾಗಿ ಬೆಳೆದು ನಿಂತಿವೆ. ಅದನ್ನು ಪ್ರಕಾರವೆಂದು ಗುರುತಿಸಿ ಗುಣದೋಷಗಳನ್ನು ವಿವೇಚಿಸುವ ಕೆಲಸ ಮಾತ್ರ ಅಷ್ಟಾಗಿ ನಡೆದಂತೆ ತೋರದು. ಭಕ್ತಿಯಿಂದ ಬರೆದುದನ್ನು ವಿಮರ್ಶೆಯ ಒರೆಗಲ್ಲಿಗೆ ತಿಕ್ಕುವುದು ಅವಿನಯವಾದೀತೆಂಬ ಸಂಕೋಚವೇ ಇದಕ್ಕೆ ಕಾರಣವಿರಬೇಕು. ಆದರೆ ಪೂಜ್ಯರನ್ನು ಕುರಿತ ಬರೆಹವೂ ಬರೆಹವೇ. ಅದು ತನ್ನ ವಿಷಯಕ್ಕೆ ನ್ಯಾಯ ಸಲ್ಲಿಸಿದೆಯೇ ಎಂದು ಕೇಳುವ ಹಕ್ಕು ವಾಚಕನಿಗೆ ಇದ್ದೇ ಇರುತ್ತದೆ.

ಈ ಪ್ರಕಾರದ ಶಬ್ದಸಂಪತ್ತನ್ನು ಗಮನಿಸಿದರೆ ಕರುಣೆ, ತ್ಯಾಗ, ಸೇವೆ, ಉದ್ಧಾರ ಎಂಬ ಮಾತುಗಳು ಮತ್ತೆ ಮತ್ತೆ ಬರುವುದನ್ನು ಕಾಣುತ್ತೇವೆ. ಇವುಗಳಲ್ಲಿ 'ಉದ್ಧಾರ' ಎಂಬುದು ವಿಶೇಷವಾಗಿ ವಿಚಾರಾರ್ಹ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಉದ್ಧರಿಸುವವನು ಕರ್ತೃ; ಉದ್ಧರಿಸಲ್ಪಡುವವನು ಕರ್ಮ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ಮೇಲೆತ್ತಿದಾಗ ಕೊಡ ಮಾಡಬೇಕಾದ ಕೆಲಸವೇನೂ ಇರುವುದಿಲ್ಲ. ಪಾಠಶಾಲೆಯ ವ್ಯವಹಾರ ಇಂಥದಲ್ಲ. ಅಲ್ಲಿ ಓದುವವನು ಹುಡುಗ, ತಪ್ಪುವವನು ಹುಡುಗ, ತಪ್ಪನ್ನು ತಿದ್ದಿಕೊಂಡು ಮುಂದಿನ ಲೆಕ್ಕಕ್ಕೆ ಕೈಹಾಕುವವನೂ ಹುಡುಗನೇ. ಆದುದರಿಂದ ಅಧ್ಯಾಪಕನೊಬ್ಬನ ಚರಿತ್ರೆಯನ್ನು ಬರೆಯುವವನು, ಆತ ಮಗುವಿಗಾಗಿ ಎಷ್ಟು ಮರುಗಿದನೆಂಬುದನ್ನು ಹೇಳಿ ಮುಗಿಸಿದರೆ ಅರ್ಧ ಹೇಳಿದಂತಾಯಿತು. ಮಗುವಿನಿಂದ ಆತ ಏನನ್ನು ನಿರೀಕ್ಷಿಸಿದ? ಆ ಮಗು ಎಷ್ಟೆತ್ತರಕ್ಕೆ ಬರಬಲ್ಲದೆಂದು ನಂಬಿದ್ದ? ಉಳಿದರ್ಧ ಇದು. ನಮ್ಮ ಬರೆಹಗಳಲ್ಲಿ ಬಿಟ್ಟುಹೋಗುವ ಭಾಗವೂ ಇದೇ ಎಂಬುದನ್ನು ಎರಡು ನಿದರ್ಶನಗಳಿಂದ ತೋರಿಸಲು ಯತ್ನಿಸುತ್ತೇನೆ. ಒಂದು ಮಂಗಳೂರಿನದು, ಇನ್ನೊಂದು ನಾವು ವಾಸಿಸುವ ಈ ಹೈದರಾಬಾದಿನದೇ.

ಕುದ್ಮುಲ್ ರಂಗರಾಯರ ಜೀವನದ ಹೊರರೇಖೆ ಕನ್ನಡಿಗರಿಗೆ ಪರಿಚಿತವಾದದ್ದು. ೧೮೫೯ರಲ್ಲಿ ಕಾಸರಗೋಡಿನ ಕಡೆಯ ಬಡ ಸಾರಸ್ವತ ಕುಟುಂಬದಲ್ಲಿ ಹುಟ್ಟಿ, ಮಂಗಳೂರಿಗೆ ಬಂದು, ಮೊದಲು ಅಧ್ಯಾಪಕರಾಗಿ ಅನಂತರ ವಕೀಲರಾದವರು. ೧೮೯೨ರಲ್ಲಿ ಉರ್ವದ ಚಿಲಿಂಬಿಯಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಶಾಲೆ ತೆರೆದರು. ೧೮೯೭ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಗಳು, ವಿದ್ಯಾರ್ಥಿನಿಲಯ, ಕೈಕಸಬಿನ ತರಬೇತಿ ಇವೆಲ್ಲ ಆ ಸಂಸ್ಥೆಯ ಅಂಗಗಳಾದುವು. ಸ್ವಜಾತಿಯ ಬಹಿಷ್ಕಾರ ಬಂತು, ಅದಕ್ಕೆ ಮಣಿಯಲಿಲ್ಲ. ಬಾಲ್ಯದಲ್ಲಿಯೇ ವಿಧವೆಯಾದ ಮಗಳು ರಾಧಾಬಾಯಿಗೆ ಅನ್ಯಜಾತಿಯ ಸುಬ್ಬರಾಯನ್ ಅವರೊಡನೆ ಪುನರ್ವಿವಾಹ ಮಾಡಿಸಿದರು. ಕಡೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. ೧೯೨೮ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ, ಊರು ಮುಟ್ಟದಿದ್ದ ಜನರೇ ಅವರ ದೇಹವನ್ನು ಹೊತ್ತರು. ೧೯೩೪ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರನ್ನು ಮೆಚ್ಚಿ ಮಾತಾಡಿದರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ.

ಬರೆಯುವವರೆಲ್ಲರೂ ಉದಾಹರಿಸುವ ಅವರ ಮಾತೊಂದಿದೆ. ಅತ್ತಾವರದ ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಯ ಮೇಲೂ ಅದನ್ನು ಕೆತ್ತಿದ್ದಾರೆ. ಅದರ ಭಾವವಿಷ್ಟು : ತಮ್ಮ ಶಾಲೆಯಲ್ಲಿ ಕಲಿತ ಮಗು ಸರ್ಕಾರಿ ಹುದ್ದೆಗೆ ಏರಿ, ಮೋಟಾರಿನಲ್ಲಿ ಕುಳಿತು ನಮ್ಮೂರ ದಾರಿಯಲ್ಲಿ ಹಾದುಹೋಗಬೇಕು, ಆಗ ಎದ್ದ ಧೂಳು ತಮ್ಮ ತಲೆಗೆ ತಾಗಿದರೆ ತಮ್ಮ ಬಾಳು ಸಾರ್ಥಕ. ಲೇಖಕರು ಈ ಮಾತನ್ನು ಲೇಖನದ ಕೊನೆಗೆ ತಂದಿಟ್ಟು, ಕಣ್ಣೊರಸಿಕೊಂಡು, ಮುಗಿಸಿಬಿಡುತ್ತಾರೆ. ವಿಮರ್ಶೆ ಆರಂಭವಾಗಬೇಕಾದದ್ದು ಅಲ್ಲಿಂದ.

ಮೊದಲು ಧೂಳಿಯ ವಿಚಾರ. ನಮ್ಮ ಪರಂಪರೆಯಲ್ಲಿ ಪಾದಧೂಳಿಗೆ ದೊಡ್ಡ ಸ್ಥಾನವಿದೆ. ಶಿಷ್ಯನು ಗುರುವಿನ ಪಾದಧೂಳಿಯನ್ನು ಶಿರಸಾ ಧರಿಸುವನು. ಭಕ್ತನು ಶರಣರ, ದಾಸರ ಪಾದಧೂಳಿಯನ್ನು ಬೇಡುವನು. ಧೂಳಿ ಯಾವಾಗಲೂ ಮೇಲಿನಿಂದ ಕೆಳಕ್ಕೆ ಬರುವ ಪ್ರಸಾದ. ರಂಗರಾಯರು ಆ ದಿಕ್ಕನ್ನು ತಿರುಗಿಸಿದ್ದಾರೆ : ಇಲ್ಲಿ ಗುರುವು ಶಿಷ್ಯನಿಂದ ಧೂಳಿಯನ್ನು ಬಯಸುತ್ತಾನೆ. ಅದೂ ಕಾಲಧೂಳಿಯಲ್ಲ, ಗಾಲಿಯ ಧೂಳಿ. ಆ ಹುಡುಗ ವಾಹನವನ್ನು ನಿಲ್ಲಿಸಿ, ಇಳಿದು ಬಂದು, ಗುರುವಿಗೆ ನಮಸ್ಕರಿಸಲಿ ಎಂಬ ಆಶೆ ಆ ಮಾತಿನಲ್ಲಿ ಎಲ್ಲಿಯೂ ಇಲ್ಲ. ಅವನು ತನ್ನ ಕೆಲಸದ ಮೇಲೆ ತಾನು ಹೋಗುತ್ತಿದ್ದಾನೆ. ದಾರಿಯ ಬದಿಯಲ್ಲಿ ನಿಂತವರಾರೆಂದು ಅವನು ನೋಡಿರಲಿಕ್ಕೂ ಇಲ್ಲ. ಕೃತಜ್ಞತೆಯನ್ನು ಕೂಡ ನಿರೀಕ್ಷಿಸದ ನಿರೀಕ್ಷೆ ಇದು. ಇನ್ನು ಆ ದಾರಿಯನ್ನು ಗಮನಿಸಬೇಕು. ಸವರ್ಣರು ಬರುವಾಗ ಆ ಹುಡುಗನ ತಂದೆ ಅಜ್ಜಂದಿರು ಬದಿಗೆ ಸರಿದು ನಿಲ್ಲಬೇಕಾಗಿದ್ದ ದಾರಿಯೇ ಅದು. ಈಗ ಬದಿಗೆ ಸರಿದು ನಿಂತಿರುವವರು ರಂಗರಾಯರು. ಮೋಟಾರುಗಾಡಿಯೆಂಬುದು ನಮ್ಮ ದೇಶದ ದಾರಿಗಳಿಗೇ ಹೊಸದಾಗಿದ್ದ ಕಾಲದಲ್ಲಿ, ಅಕ್ಷರದ ಗಂಧವಿಲ್ಲದ ಕೇರಿಯ ಮಗುವನ್ನು ಅದರೊಳಗೆ ಕೂರಿಸಿ ನೋಡಿದ ಈ ಕಲ್ಪನೆಯನ್ನು ಕರುಣೆ ಎಂಬ ಮಾತು ಒಳಗೊಳ್ಳಲಾರದು. ಕರುಣೆಯು ಹಸಿದವನಿಗೆ ಅನ್ನವನ್ನು ಕೊಡುವುದು, ಬೆತ್ತಲೆಯವನಿಗೆ ಬಟ್ಟೆಯನ್ನು. ಮೋಟಾರನ್ನು ಕೊಡುವುದಿಲ್ಲ.

ಹಾಗೆಂದು ಆ ಮಾತಿನಲ್ಲಿ ಕೊರತೆಯೇ ಇಲ್ಲವೆನ್ನಲಾರೆ. ವಾಕ್ಯದ ಕೇಂದ್ರದಲ್ಲಿರುವುದು ಕೊನೆಗೂ ಹೇಳುವವನ ತಲೆ, ಹೇಳುವವನ ಸಾರ್ಥಕ್ಯ. ಮಗುವಿನ ಏಳ್ಗೆ ಮೇಲ್ಜಾತಿಯ ಗುರುವೊಬ್ಬನ ಪಾಪನಿವೃತ್ತಿಗೆ ಸಾಧನವಾಗಿ ಬಂದುಬಿಡುವ ಅಪಾಯ ಅಲ್ಲಿ ಸುಳಿಯುತ್ತದೆ. ರಂಗರಾಯರು ತಮ್ಮ ಆಚರಣೆಯ ಕಾಠಿಣ್ಯದಿಂದ ಈ ಅಪಾಯವನ್ನು ದಾಟಿದರು; ಅವರನ್ನು ಕುರಿತು ಬರೆಯುವವರು ದಾಟಿಲ್ಲ. 'ದಲಿತೋದ್ಧಾರಕ'ರ ತ್ಯಾಗವನ್ನು ವರ್ಣಿಸುವ ಉತ್ಸಾಹದಲ್ಲಿ, ಮೋಟಾರಿನೊಳಗೆ ಕುಳಿತಿರುವವನ ಮುಖವನ್ನು ನೋಡಲು ನಮ್ಮ ಲೇಖಕರಿಗೆ ವ್ಯವಧಾನವಿಲ್ಲ. ಪ್ರಸಂಗವಶಾತ್ ಇಲ್ಲಿ ಇನ್ನೊಂದು ವಿಷಯ ನೆನಪಾಗುತ್ತದೆ. ರಂಗರಾಯರು ತೀರಿಕೊಂಡ ಐದು ವರ್ಷಗಳ ಮೇಲೆ, ೧೯೩೩ರಲ್ಲಿ, ಅದೇ ಜಿಲ್ಲೆಯ ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾಯಿತು. ಅಲ್ಲಿ ಚೋಮನ ಆಶೆಯೆಲ್ಲ ಒಂದು ತುಂಡು ನೆಲವನ್ನು ತಾನೇ ಉಳಬೇಕೆಂಬುದು. ಆ ಲೋಕದ ಆಶೆಗಳಲ್ಲಿ ಪಾಠಶಾಲೆ ಸೇರಿಲ್ಲ. ಅವನ ಮಗನೊಬ್ಬ ನೀರಿನಲ್ಲಿ ಮುಳುಗುವಾಗ ಮುಟ್ಟಿ ಎತ್ತುವವರಿಲ್ಲ. ಕಾರಂತರು ಕಂಡುದು ಸತ್ಯವೇ. ಆದರೆ ಆ ಕರಾವಳಿಯಲ್ಲಿಯೇ ನಾಲ್ಕು ದಶಕಗಳಿಂದ ಇನ್ನೊಂದು ಬಗೆಯ ಆಶೆಯನ್ನೂ ಕಲಿಸಲಾಗುತ್ತಿತ್ತು. ನಮ್ಮ ಕಾದಂಬರಿಗೆ ಚೋಮನ ದುಃಖ ಸಿಕ್ಕಷ್ಟು ಸುಲಭವಾಗಿ ಆ ಶಾಲೆಯ ಹುಡುಗನ ಹಟ ಸಿಕ್ಕಲಿಲ್ಲ. ದುಃಖವನ್ನು ಬಣ್ಣಿಸುವ ಸಂಪ್ರದಾಯ ನಮ್ಮಲ್ಲಿ ಬಲವಾಗಿದೆ. ಹಟವನ್ನು ಬಣ್ಣಿಸುವುದು ದುರ್ಬಲ.

ಎರಡನೆಯ ನಿದರ್ಶನಕ್ಕೆ ಬರೋಣ. ಕನ್ನಡಿಗರು ಸಭೆ ಸೇರುವ ಕಾಚಿಗುಡದಿಂದ ಇಸಾಮಿಯಾ ಬಜಾರಿಗೆ ಕಾಲ್ನಡಿಗೆಯಲ್ಲಿಯೇ ಹೋಗಬಹುದು. ೧೯೧೦ರಲ್ಲಿ ಅಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದವರು ಭಾಗ್ಯರೆಡ್ಡಿ ವರ್ಮ. ತೆಲುಗಿನವರು ಅವರನ್ನು ಚೆನ್ನಾಗಿ ಬಲ್ಲರು. ಈ ಊರಿನಲ್ಲಿಯೇ ತಲೆಮಾರುಗಳನ್ನು ಕಳೆದ ನಮ್ಮಲ್ಲಿ ಎಷ್ಟು ಜನ ಬಲ್ಲರೋ! ೧೮೮೮ರಲ್ಲಿ ಇದೇ ನಗರದ ಮಾಲ ಸಮುದಾಯದಲ್ಲಿ ಮಾದರಿ ಭಾಗಯ್ಯನೆಂಬ ಹೆಸರಿನಿಂದ ಹುಟ್ಟಿದವರು. ಕ್ರೈಸ್ತ ವಕೀಲರೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದು, ಅಲ್ಲಿಯೇ ಲೋಕಜ್ಞಾನವನ್ನು ಸಂಪಾದಿಸಿಕೊಂಡರು. ೧೯೦೬ರಲ್ಲಿ ಜಗನ್ಮಿತ್ರ ಮಂಡಳಿಯನ್ನೂ, ೧೯೧೧ರಲ್ಲಿ ಮಾನ್ಯ ಸಂಘವನ್ನೂ ಕಟ್ಟಿದರು. ಅದು ಮುಂದೆ ಆದಿ-ಹಿಂದೂ ಸಮಾಜ ಸೇವಾ ಸಂಘವಾಯಿತು. ೧೯೧೩ರಲ್ಲಿ ಆರ್ಯಸಮಾಜದವರು ಅವರಿಗೆ ವರ್ಮ ಎಂಬ ಬಿರುದನ್ನಿತ್ತರು. ೧೯೩೯ರಲ್ಲಿ ಅವರು ಕಾಲವಾಗುವುದಕ್ಕೆ ಮುಂಚೆ ಶಾಲೆಗಳು ಇಪ್ಪತ್ತನ್ನು ಮೀರಿದ್ದುವು. ಉರ್ದುವೇ ರಾಜಭಾಷೆಯಾಗಿದ್ದ, ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದ ಆ ರಾಜ್ಯದಲ್ಲಿ, ಈ ಶಾಲೆಗಳು ಮಕ್ಕಳ ಮಾತಾದ ತೆಲುಗಿನಲ್ಲಿ ಪಾಠ ಹೇಳಿದುವು.

ಈ ಕೊನೆಯ ಅಂಶದ ಬಳಿ ಕನ್ನಡ ವಾಚಕರು ತುಸು ನಿಲ್ಲಬೇಕು. ನಿಜಾಮನ ಆಳಿಕೆಯಲ್ಲಿ ಮಾತೃಭಾಷೆಯ ಶಿಕ್ಷಣಕ್ಕಾಗಿ ನಮ್ಮ ಹಿರಿಯರು ಪಟ್ಟ ಪಾಡನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ೧೯೦೭ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ನೂತನ ವಿದ್ಯಾಲಯದ ಹೆಸರನ್ನು ಹೇಳದೆ ಆ ಕಥೆಯನ್ನು ಆರಂಭಿಸುವುದೇ ಇಲ್ಲ. ಆ ಕಥೆಯಲ್ಲಿ ನಾವು ತುಳಿತಕ್ಕೆ ಒಳಗಾದವರು, ನಮ್ಮ ನುಡಿ ನೊಂದ ನುಡಿ. ಅದು ನಿಜ. ಆದರೆ ಅದೇ ವರ್ಷಗಳಲ್ಲಿ, ಅದೇ ರಾಜ್ಯದ ರಾಜಧಾನಿಯಲ್ಲಿ, ನಮಗಿಂತ ಕೆಳಗೆ ತಳ್ಳಲ್ಪಟ್ಟವನೊಬ್ಬ ತನ್ನ ಮಕ್ಕಳಿಗೆ ತಮ್ಮ ನುಡಿಯಲ್ಲಿಯೇ ಶಾಲೆಗಳನ್ನು ಕಟ್ಟುತ್ತಿದ್ದನೆಂಬ ಸಂಗತಿ ನಮ್ಮ ಕಥೆಯ ಪಕ್ಕದಲ್ಲಿ ಬಂದು ನಿಂತರೆ, ಆ ಕಥೆಯ ಸ್ವರ ಬದಲಾಗಬೇಕಾಗುತ್ತದೆ. ಬಹುಶಃ ಅದಕ್ಕಾಗಿಯೇ ಅದನ್ನು ಪಕ್ಕಕ್ಕೆ ತಂದು ನಿಲ್ಲಿಸಿಲ್ಲ.

ಭಾಗ್ಯರೆಡ್ಡಿಯವರ ನಿರೀಕ್ಷೆ ಯಾವ ರೂಪದ್ದು? ಧೂಳಿಯಂಥ ಮನಮುಟ್ಟುವ ಪ್ರತಿಮೆಯಿಂದ ಅವರು ನಮಗೆ ನೆನಪಿಲ್ಲ. ಅವರ ನಿರೀಕ್ಷೆಯಿದ್ದುದು ಒಂದು ಹೆಸರಿನಲ್ಲಿ. ೧೯೧೭ರಲ್ಲಿ ಬೆಜವಾಡದಲ್ಲಿ ನಡೆದ ಪಂಚಮರ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಕರೆದರು. ಪಂಚಮವೆಂಬುದೇ ಹುರುಳಿಲ್ಲದ ಹೆಸರು, ನಾವು ಈ ನೆಲದ ಮೊದಲಿಗರು ಎಂದು ಅವರು ಅಧ್ಯಕ್ಷಪೀಠದಿಂದಲೇ ಆಕ್ಷೇಪಿಸಿದರು. ಸಮ್ಮೇಳನ ಆದಿ-ಆಂಧ್ರ ಸಮ್ಮೇಳನವೆಂದು ಹೆಸರು ಬದಲಿಸಿಕೊಂಡಿತು. ೧೯೩೧ರ ಜನಗಣತಿಯ ವೇಳೆಗೆ ನಿಜಾಮನ ಸರ್ಕಾರವೂ ಆದಿ-ಹಿಂದೂ ಎಂಬ ಹೆಸರನ್ನು ಬರೆದುಕೊಂಡಿತು. ಇದನ್ನು ಬರಿಯ ರಾಜಕೀಯವೆಂದು ತಳ್ಳಿಬಿಡುವವರು ಪಾಠಶಾಲೆಯ ಹಾಜರಿ ಪುಸ್ತಕವನ್ನು ನೆನೆಯಲಿ. ದಿನವೂ ಬೆಳಗ್ಗೆ ಹೆಸರು ಕೂಗುವಾಗ ಮಗುವಿನ ಕಿವಿಗೆ ಏನು ಬೀಳುತ್ತದೆ? 'ಐದನೆಯವನು' ಎಂದು ಕೇಳುತ್ತ ಬೆಳೆದವನಿಗೂ 'ಮೊದಲಿಗನು' ಎಂದು ಕೇಳುತ್ತ ಬೆಳೆದವನಿಗೂ ಪಾಠ ಒಂದೇ ಆದರೂ ಓದು ಒಂದೇ ಆಗದು. ಮಕ್ಕಳಿಂದ ಮಾತ್ರವಲ್ಲ, ಹೆತ್ತವರಿಂದಲೂ ಭಾಗ್ಯರೆಡ್ಡಿಯವರು ಬಹಳವನ್ನು ಕೇಳಿದರು : ಕುಡಿತವನ್ನು ಬಿಡಬೇಕು, ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಜೋಗಿನಿಯರನ್ನಾಗಿ ಬಿಡುವುದನ್ನು ನಿಲ್ಲಿಸಬೇಕು. ತನ್ನವರ ಮೇಲೆ ಮರುಕ ಪಡುವ ಸೌಲಭ್ಯ ಒಳಗಿನವನಿಗಿಲ್ಲ. ಆದುದರಿಂದ ಅವನ ನಿರೀಕ್ಷೆ ಒರಟಾಗಿ ಕಾಣುತ್ತದೆ. ಚರಿತ್ರಕಾರರಿಗೆ ರಂಗರಾಯರು ಸುಲಭವಾಗಿ ಒದಗಿ ಭಾಗ್ಯರೆಡ್ಡಿ ಒದಗದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಇಷ್ಟು ಹೊತ್ತು ಗುರುವಿನ ಕಡೆಯಿಂದ ನೋಡಿದೆವು. ಮಗುವಿನ ಕಡೆಯ ಸಾಕ್ಷ್ಯ ಕನ್ನಡದಲ್ಲಿ ತಡವಾಗಿ ಬಂತು. ೧೯೯೪ರಲ್ಲಿ ಪ್ರಕಟವಾದ ಅರವಿಂದ ಮಾಲಗತ್ತಿಯವರ ಆತ್ಮಕಥನದ ಹೆಸರು 'ಗೌರ್ಮೆಂಟ್ ಬ್ರಾಹ್ಮಣ'. ಸರ್ಕಾರದ ವಿದ್ಯಾರ್ಥಿವೇತನ, ಮೀಸಲಾತಿಗಳನ್ನು ಪಡೆಯುವ ದಲಿತ ಹುಡುಗನನ್ನು ಹಂಗಿಸಲು ಸಹಪಾಠಿಗಳೂ ಊರವರೂ ಬಳಸಿದ ಕುಹಕದ ಮಾತು ಅದು. ಈ ಎರಡು ಪದಗಳಲ್ಲಿ ಅಡಗಿರುವುದು ಒಂದು ಶಿಕ್ಷಣಸಿದ್ಧಾಂತವೇ ಸರಿ : ನಿನಗೆ ಬಂದುದು ಕೊಟ್ಟದ್ದು, ಗಳಿಸಿದ್ದಲ್ಲ, ನಿನ್ನಿಂದ ಗಳಿಕೆಯನ್ನು ಯಾರೂ ನಿರೀಕ್ಷಿಸಿಯೇ ಇಲ್ಲ. ಕೆಳನಿರೀಕ್ಷೆಯು ಹೀಗೆ ಬೆತ್ತವಿಲ್ಲದೆಯೂ ಹೊಡೆಯಬಲ್ಲದು. ಅದೇ ದಶಕದಲ್ಲಿ ಬರತೊಡಗಿದ ಸಿದ್ಧಲಿಂಗಯ್ಯನವರ 'ಊರುಕೇರಿ' ಇನ್ನೊಂದು ಹಾದಿ ಹಿಡಿಯಿತು. ಎತ್ತಿನ ಸ್ಥಾನದಲ್ಲಿ ನೊಗಕ್ಕೆ ಕೊರಳೊಡ್ಡಿದ ಇಬ್ಬರಲ್ಲಿ ಒಬ್ಬ ತನ್ನ ತಂದೆಯೆಂದು ಹುಡುಗ ಗುರುತಿಸುವ ದೃಶ್ಯ ಆ ಪುಸ್ತಕದ ಮೊದಲಲ್ಲಿಯೇ ಇದೆ. ಕರುಣರಸದ ಬರೆಹಗಾರನಿಗೆ ಅಷ್ಟೇ ಸಾಕು, ಒಂದು ಸಂಪುಟವಾದೀತು. ಸಿದ್ಧಲಿಂಗಯ್ಯನವರು ಅಲ್ಲಿ ನಿಲ್ಲದೆ ಮುಂದೆ ಹೋಗುತ್ತಾರೆ, ವಿದ್ಯಾರ್ಥಿನಿಲಯದ ಕಿಡಿಗೇಡಿತನಗಳನ್ನು ಹೇಳಿ ನಗಿಸುತ್ತಾರೆ. ಆ ನಗೆಯನ್ನು ಮರೆವೆಂದು ತಿಳಿದವರುಂಟು. ನನಗೆ ಅದು ನಿರಾಕರಣೆಯಾಗಿ ಕಾಣುತ್ತದೆ. ಓದುಗನ ಕರುಣೆಗೆ ಕರ್ಮಪದವಾಗಲು ಲೇಖಕ ಒಪ್ಪುತ್ತಿಲ್ಲ. 'ಉದ್ಧಾರ'ದ ವ್ಯಾಕರಣವನ್ನು ಕನ್ನಡದಲ್ಲಿ ಕೆಡಿಸಿ ಕಟ್ಟಿದ ಮೊದಲ ಗದ್ಯಗಳಲ್ಲಿ ಇದೊಂದು.

ಅಧ್ಯಾಪಕನ ನಂಬಿಕೆ ಮಗುವಿನ ಕಲಿಕೆಯನ್ನು ನಿಜವಾಗಿ ಮುಟ್ಟುತ್ತದೆಯೇ ಎಂದು ಕೇಳುವವರಿಗೆ, ಅಮೆರಿಕದಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ನಡೆಸಿ ೧೯೬೮ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳುವುದು ವಾಡಿಕೆ. ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರಲ್ಲಿ ಸುಮಾರು ಐದನೆಯ ಒಂದು ಪಾಲು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ಅರಳಲಿರುವವರು ಎಂದು ಅಧ್ಯಾಪಕರಿಗೆ ತಿಳಿಸಿದರು. ವರ್ಷಾಂತ್ಯದಲ್ಲಿ, ಮುಖ್ಯವಾಗಿ ಒಂದನೆಯ ಎರಡನೆಯ ತರಗತಿಗಳಲ್ಲಿ, ಆ ಮಕ್ಕಳು ಮುಂದಾಗಿದ್ದರು. ಆ ಅಳತೆಯ ಕ್ರಮವನ್ನು ಬೇರೆ ವಿದ್ವಾಂಸರು ಕಟುವಾಗಿ ಖಂಡಿಸಿದರು. ಅನಂತರದ ಪ್ರಯೋಗಗಳಲ್ಲಿ ಪರಿಣಾಮ ಚಿಕ್ಕದಾಗಿಯೇ ಕಂಡುಬಂತು. ಚಿಕಾಗೊ ನಗರದಲ್ಲಿ ಮಾರ್ವಾ ಕಾಲಿನ್ಸ್ ಎಂಬ ಕರಿಯ ಅಧ್ಯಾಪಕಿ ಸರ್ಕಾರಿ ಶಾಲೆಯ ಕೆಲಸ ಬಿಟ್ಟು, ನಿವೃತ್ತಿಗೆಂದು ಕೂಡಿಟ್ಟ ಐದು ಸಾವಿರ ಡಾಲರುಗಳಿಂದ ೧೯೭೫ರಲ್ಲಿ ತನ್ನದೇ ಶಾಲೆ ತೆರೆದು, ಕಲಿಯಲಾರರೆಂದು ಇತರರು ಕೈಬಿಟ್ಟ ಬಡಮಕ್ಕಳ ಕೈಗೆ ಷೇಕ್ಸ್‌ಪಿಯರನನ್ನೇ ಕೊಟ್ಟಳು. ಅವಳನ್ನು ಕುರಿತು ಚಲಚ್ಚಿತ್ರವಾಯಿತು. ಅವಳು ಹೇಳಿಕೊಂಡ ಫಲಿತಾಂಶಗಳ ಬಗೆಗೆ ವಿವಾದವೂ ಆಯಿತು. ನಿರೀಕ್ಷೆಯನ್ನು ಮಂತ್ರದಂಡವೆಂದು ಪ್ರಚಾರ ಮಾಡುವವರ ವಿಷಯದಲ್ಲಿ ಎಚ್ಚರ ಅಗತ್ಯವೆಂದಷ್ಟೇ ಇದರಿಂದ ತಿಳಿಯಬೇಕು. ಊಟ, ವಸತಿ, ಪುಸ್ತಕಗಳಿಲ್ಲದ ಕಡೆ ಎತ್ತರದ ನಿರೀಕ್ಷೆಯನ್ನು ಮಾತ್ರ ಇಡುವುದು, ಸೋತಾಗ ತಪ್ಪನ್ನು ಮಗುವಿನ ತಲೆಗೆ ಕಟ್ಟುವ ಜಾಣತನವಾದೀತು. ರಂಗರಾಯರ ಕನಸಿನ ಮೋಟಾರಿನ ಹಿಂದೆ ವಿದ್ಯಾರ್ಥಿನಿಲಯವಿತ್ತೆಂಬುದನ್ನು ಮರೆಯಬಾರದು.

ಇದಕ್ಕಿಂತ ತೊಡಕಿನ ಪ್ರಶ್ನೆ ಇನ್ನೊಂದಿದೆ. ಎತ್ತರವೆಂದರೆ ಯಾರ ಎತ್ತರ? ರಂಗರಾಯರಿಗೆ ಅದು ಸರ್ಕಾರಿ ಹುದ್ದೆ ಮತ್ತು ಮೋಟಾರು, ಎಂದರೆ ಆಳುವವರ ಲಾಂಛನಗಳು. ಭಾಗ್ಯರೆಡ್ಡಿಯವರಲ್ಲಿ ಆರ್ಯಸಮಾಜದ ಶುದ್ಧಾಚಾರದ ಛಾಯೆಯಿದೆ. ವರ್ಮ ಎಂಬುದು ಕ್ಷತ್ರಿಯರ ಹೆಸರು. ಕಾಲಿನ್ಸಳಿಗೆ ಷೇಕ್ಸ್‌ಪಿಯರ್. ಮೂವರೂ ಅಳತೆಗೋಲನ್ನು ಮೇಲಿನವರ ಮನೆಯಿಂದ ಎರವಲು ತಂದಿದ್ದಾರೆ. ಇದನ್ನು ದೋಷವೆನ್ನಬೇಕೆ? ಆ ಕಾಲದಲ್ಲಿ ಬೇರೆ ಅಳತೆಗೋಲು ಕೈಗೆ ಸಿಗುವಂತಿರಲಿಲ್ಲ ಎಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನ ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಆದರೆ ಗುರುವಿನ ನಿರೀಕ್ಷೆಯನ್ನು ತೂಗುವಾಗ ಶಿಷ್ಯಪರಂಪರೆ ಅದನ್ನೇನು ಮಾಡಿತೆಂಬುದನ್ನೂ ತಕ್ಕಡಿಗೆ ಹಾಕಬೇಕು. ಭಾಗ್ಯರೆಡ್ಡಿ ಅವಮಾನದ ಹೆಸರನ್ನು ಅಳಿಸಿ ಗೌರವದ ಹೆಸರನ್ನು ಬರೆದರು. ೧೯೭೫ರಲ್ಲಿ ತರುಣ ಸಿದ್ಧಲಿಂಗಯ್ಯ ತಮ್ಮ ಮೊದಲ ಕವನಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಅಳಿಸಬೇಕೆಂದು ಹಿಂದಿನ ತಲೆಮಾರು ಹೋರಾಡಿದ ಆ ಹೆಸರುಗಳೇ ಪುಸ್ತಕದ ಮುಖದ ಮೇಲೆ ಬಂದು ಕುಳಿತುವು. ಮೇಲುನೋಟಕ್ಕೆ ಇದು ಹಿರಿಯನ ತಿರಸ್ಕಾರ. ಆದರೆ ಹೆಸರೆಂಬುದು ಮನುಷ್ಯನ ಕೈಯಲ್ಲಿರುವ ವಸ್ತು, ಬೇಕೆಂದಾಗ ಬದಲಿಸಬಹುದು, ಬೇಕೆಂದಾಗ ಎತ್ತಿ ಹಿಡಿಯಬಹುದು ಎಂಬ ಧೈರ್ಯ ಎರಡು ಕಡೆಯೂ ಒಂದೇ. ಅವರಿಬ್ಬರ ನಡುವೆ ನೇರ ಸಂಬಂಧವಿತ್ತೆಂದು ನಾನು ಸಾಧಿಸುತ್ತಿಲ್ಲ. ಎರಡು ನುಡಿಗಳಲ್ಲಿ, ಎರಡು ತಲೆಮಾರುಗಳಲ್ಲಿ ಒಂದೇ ಪ್ರಶ್ನೆಗೆ ಬಂದ ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಅಭ್ಯಾಸ, ಎರಡು ನುಡಿಗಳ ನಡುವೆ ಬಾಳುವ ನಮಗಲ್ಲದೆ ಇನ್ನಾರಿಗೆ ಒಗ್ಗಬೇಕು?

ಮಂಗಳೂರಿನ ಪುರಭವನಕ್ಕೆ ಇಂದು ಕುದ್ಮುಲ್ ರಂಗರಾಯರ ಹೆಸರಿದೆ. ಅವರ ಜಯಂತಿಗೆ ಲೇಖನ ಬರೆಯುವವರು ಮುಂದಿನ ಸಲ ಧೂಳಿಯ ಮಾತನ್ನು ಕೊನೆಯ ವಾಕ್ಯವಾಗಿಸದೆ ಮೊದಲ ವಾಕ್ಯವಾಗಿಸಿ ನೋಡಬೇಕು. ಆಗ ಎರಡನೆಯ ವಾಕ್ಯದಲ್ಲಿ ಮೋಟಾರಿನೊಳಗೆ ಕುಳಿತವನನ್ನು ಕುರಿತು ಏನನ್ನಾದರೂ ಹೇಳಲೇಬೇಕಾಗುತ್ತದೆ. ಅವನ ಹೆಸರೇನು, ಯಾವ ಕೇರಿಯವನು, ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾದ, ಯಾವುದರಲ್ಲಿ ನಪಾಸಾಗಿ ಮತ್ತೆ ಕುಳಿತ, ಗುರುಗಳ ಯಾವ ಮಾತನ್ನು ಒಪ್ಪಲಿಲ್ಲ. ಇಸಾಮಿಯಾ ಬಜಾರಿನ ಶಾಲೆಯಲ್ಲಿ ಕಲಿತವರ ಮಕ್ಕಳು ಮೊಮ್ಮಕ್ಕಳು ಈ ನಗರದಲ್ಲಿಯೇ ಇದ್ದಾರೆ, ಕೆಲವರು ನಮ್ಮ ನೆರೆಯಲ್ಲಿಯೇ ಇದ್ದಾರು. ಕೇಳಲು ಹೋಗುವವರಿಗೆ ತೆಲುಗು ಬಂದರೆ ಸಾಕು. ಅದು ನಮ್ಮಲ್ಲಿ ಎಲ್ಲರಿಗೂ ಬರುತ್ತದೆ.